ಸಮುದ್ರ ವಿಹಾರಕ್ಕೆ ಗೋವಾದ ಯಾಟೋ, ಮಲ್ಪೆಯ ಬೋಟೋ?

ಮೈಸೂರಿಂದ ಮಕ್ಕಳನ್ನು ಕರ್ಕೊಂಡು ಹೊರಟಿದ್ದರೆ ಸಂಪಾಜೆ ಘಾಟಿ ಇಳಿದು ಮಲ್ಪೆಗೇ ಹೋಗಿ. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನಲ್ಲಿ ತಲಾ ಟಿಕೆಟ್ಟು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ ಸೀಳಿಕೊಂಡು ನಿಂತ ಕಂಬಕಲ್ಲುಗಳನ್ನು ಮುಟ್ಟಿ, ಮೂಲೆ ಎಣಿಸಬಹುದು. ಎಷ್ಟೋ ಕಲ್ಲಿಗೆ ಆರು ಮೂಲೆ. ರಾತ್ರಿ ಉಳಿಯೋಕೆ ಬಿಡಲ್ಲ. ದೊಡ್ಡ ಬೋಟಿನಿಂದ ಚಿಕ್ಕ ದೋಣಿಗೆ ಇಳಿಯಬೇಕಾಗಬಹುದು, ಮೊಣಕಾಲು ನೋವಿನ ಅಜ್ಜಿಗೆ ಅದು ಕಷ್ಟ.

ಗೋವಾದ ಮೋಟಾರ್ ಯಾಟ್‌ಗೆ (ಐಷಾರಾಮಿ ವಿಹಾರ ದೋಣಿ) ಸಾಮಾನ್ಯವಾಗಿ ಗಂಟೆ ಲೆಕ್ಕದ ಬಾಡಿಗೆ, ಅದೂ ಇಡೀ ಯಾಟ್‌ಗೆ. ಹತ್ತು ಜನ ಹಂಚಿಕೊಂಡರೆ ಗಿಟ್ಟುತ್ತೆ, ಇಬ್ಬರಿಗೆ ದಂಡ. ಮುಂಗಡ ಕೊಡೋ ಮುಂಚೆ ಡೀಸೆಲ್ ಸೇರಿದೆಯಾ ಅಂತ ಬರೆಸಿಕೊಳ್ಳಿ. ಮಾಂಡೋವಿ ನದಿ ದಾಟಿ ಸಮುದ್ರಕ್ಕೆ ಇಳಿದರೆ ಖರ್ಚು ಏರುತ್ತೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಲ್ಲವೆಂದರೆ ಹತ್ತಲೇಬೇಡಿ.

ನನ್ನ ಓಟು ಮಲ್ಪೆಗೆ. ಮಳೆಗಾಲದಲ್ಲಿ ಅಲ್ಲಿ ಬೋಟು ನಿಲ್ಲಿಸ್ತಾರೆ. ದಸರಾ ರಜೆಗೆ ಹೋಗೋರು ಶುರುವಾಗಿದೆಯಾ ಕೇಳಿಕೊಂಡೇ ಹೊರಡಿ.