ಸ್ಪೀಕರ್ ಕೇಬಲ್ ಕೊಳ್ಳುವ ಮುಂಚೆ ತುದಿ ಕೆರೆದು ನೋಡಿ

ಮನೆಗೆ ಆಂಪ್ಲಿಫೈಯರ್, ಸ್ಪೀಕರ್ ತರಬೇಕೆಂದಿರುವವರು, ಅದರಲ್ಲೂ ನಮ್ಮ ಕರಾವಳಿಯವರು, ದಯವಿಟ್ಟು ಇದನ್ನು ಓದಿ. ಬರೀ ಕೇಬಲ್ಲಿಗೆ ನಾನು 13,680 ರೂಪಾಯಿ ಕಳೆದುಕೊಂಡೆ.

ನಮ್ಮ ಮನೆ ಕುಮಟಾದಲ್ಲಿ, ಕಡಲಿಗೆ ಹತ್ತಿರ. ಅಪ್ಪನಿಗೆ ಜಗಲಿಯಲ್ಲಿ ಕೂತು ತಾಳಮದ್ದಳೆ ಕೇಳುವ ಆಸೆ. ಆಂಪ್ಲಿಫೈಯರ್ ಒಳಕೋಣೆಯಲ್ಲಿ, ಸ್ಪೀಕರ್ ಎರಡೂ ಜಗಲಿಯಲ್ಲಿ. ಒಂದಕ್ಕೆ 4 ಮೀಟರ್ ಕೇಬಲ್ ಸಾಕು, ಇನ್ನೊಂದಕ್ಕೆ ಗೋಡೆ ಸುತ್ತಿ ಬರಲು 18 ಮೀಟರ್ ಬೇಕು. ಕಾರವಾರದ ಅಂಗಡಿಯವರಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. 'ಎರಡೂ ಕಡೆ ಒಂದೇ ಉದ್ದ ಇರ್ಬೇಕು ಮಾರಾಯ್ರೇ, ಇಲ್ಲದಿದ್ರೆ ಒಂದು ಬದಿ ಸೌಂಡು ತಡವಾಗಿ ಬರ್ತದೆ' ಎಂದರು. ಮೀಟರಿಗೆ 380 ರೂಪಾಯಿಯಂತೆ 36 ಮೀಟರ್ ಕತ್ತರಿಸಿ ಕೊಟ್ಟರು. ಹೆಬ್ಬೆರಳಿನಷ್ಟು ದಪ್ಪದ ಕೇಬಲ್. ನಂಬಿದೆ.

ತಡವಾಗುವ ಮಾತು ಶುದ್ಧ ಸುಳ್ಳು. ತಂತಿಯಲ್ಲಿ ಸಿಗ್ನಲ್ ಓಡುವ ವೇಗಕ್ಕೆ 14 ಮೀಟರ್ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಕುರ್ಚಿಯನ್ನು ಒಂದು ಗೇಣು ಸರಿಸಿದರೆ ಆಗುವ ವ್ಯತ್ಯಾಸ ಆ 14 ಮೀಟರ್ ತಂತಿಯಿಂದಾಗುವ ತಡಕ್ಕಿಂತ ಸಾವಿರಾರು ಪಟ್ಟು ಹೆಚ್ಚು.

ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಸ್ಪೀಕರ್ ಕರಕರ ಅನ್ನತೊಡಗಿತು. ಮದ್ದಳೆಯ ಪೆಟ್ಟು ಬಿದ್ದಾಗಲೆಲ್ಲ ಸದ್ದು ಒಮ್ಮೆ ಹೋಗಿ ಬರುತ್ತಿತ್ತು. ಸ್ಪೀಕರೇ ಕೆಟ್ಟಿತೆಂದು ಅಪ್ಪ ಕೇಳುವುದನ್ನೇ ಬಿಟ್ಟರು. ನನಗೆ ಅತಿ ಬೇಸರ ತಂದದ್ದು ಇದೇ. ಊರಿನ ಎಲೆಕ್ಟ್ರಿಷಿಯನ್ ಬಂದು ತುದಿ ಬಿಚ್ಚಿದ. ಎಳೆಗಳ ಮೇಲೆ ಬೂದಿಯಂಥ ಬಿಳಿ ಪುಡಿ. ಒಂದು ಎಳೆಯನ್ನು ಚಾಕುವಿನಿಂದ ಕೆರೆದ. ಕೆಂಪು ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು. 'ತಾಮ್ರ ಅಲ್ಲ ಅಣ್ಣ, ಅಲ್ಯೂಮಿನಿಯಂ. ಮೇಲೆ ಬರೀ ತಾಮ್ರದ ಲೇಪ.' ದಪ್ಪವೆಲ್ಲ ಪ್ಲಾಸ್ಟಿಕ್ಕಿನದು, ಒಳಗಿನ ಲೋಹ 0.75 ಚದರ ಮಿಲಿಮೀಟರ್ ಇದ್ದಿರಬಹುದು. ಉಪ್ಪುಗಾಳಿಗೆ ಅಲ್ಯೂಮಿನಿಯಂ ತುದಿ ಬೇಗ ಹಾಳಾಗುತ್ತದೆ, ಮೇಲೆ ಕೂರುವ ಆ ಪುಡಿಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಉದ್ದದಿಂದ ಏನೂ ಆಗುವುದಿಲ್ಲ ಅಂತಲ್ಲ. ತಂತಿ ಉದ್ದವಾದಷ್ಟೂ ಅದರ ರೋಧ, ಅಂದರೆ ವಿದ್ಯುತ್ ಹರಿಯಲು ಅದು ಒಡ್ಡುವ ತಡೆ, ಹೆಚ್ಚು. ತಂತಿ ದಪ್ಪವಿದ್ದರೆ, ತಾಮ್ರದ್ದಾದರೆ ಕಡಿಮೆ. ಆ ಕೇಬಲ್ಲಿನ ಒಂದು ತುದಿಯ ಎರಡೂ ತಂತಿ ಸೇರಿಸಿ, ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದರೆ 18 ಮೀಟರಿಗೆ 1.2 ಓಂ ರೋಧ ತೋರಿಸಿತು. 2.5 ಚದರ ಮಿಲಿಮೀಟರ್ ತಾಮ್ರದ್ದಾಗಿದ್ದರೆ 0.25 ಓಂ ಬರಬೇಕು. 8 ಓಂ ಸ್ಪೀಕರಿಗೆ ಕೇಬಲ್ಲಿನ ರೋಧ 0.4 ಓಂ ಒಳಗಿದ್ದರೆ ಸಾಕು, ಕಿವಿಗೆ ಗೊತ್ತಾಗುವುದಿಲ್ಲ. 4 ಓಂ ಸ್ಪೀಕರಾದರೆ ಅದರ ಅರ್ಧ ಎಂದಿಟ್ಟುಕೊಳ್ಳಿ.

ಈಗ ಹಾರ್ಡ್‌ವೇರ್ ಅಂಗಡಿಯಿಂದ 2.5 ಚದರ ಮಿಲಿಮೀಟರಿನ ಜೋಡಿ ತಂತಿಯ ತಾಮ್ರದ ವೈರ್ ತಂದು ಹಾಕಿದ್ದೇವೆ, ಒಂದು ಬದಿ 4 ಮೀಟರ್, ಇನ್ನೊಂದು ಬದಿ 18 ಮೀಟರ್. ಮೊದಲು ಕೊಟ್ಟ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಎರಡೂ ಕಡೆ ಸದ್ದು ಸಮನಾಗಿದೆ. ಅಪ್ಪ ಮತ್ತೆ ಜಗಲಿಗೆ ಬಂದಿದ್ದಾರೆ.

ಹಳೆಯದನ್ನು ವಾಪಸ್ ಕೊಡಲು ಹೋದರೆ 'ಕತ್ತರಿಸಿದ್ದು ತಗೊಳ್ಳೋದಿಲ್ಲ' ಎಂದರು. ಬಿಲ್ಲಿನಲ್ಲಿ 'ಸ್ಪೀಕರ್ ವೈರ್' ಅಂತಷ್ಟೇ ಇತ್ತು, ವಾದಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ನೀವು ಕತ್ತರಿ ಹಾಕಿಸುವ ಮುಂಚೆಯೇ ಒಂದು ಎಳೆ ಕೆರೆದು ನೋಡಿ. ಪ್ಯಾಕಿನ ಮೂಲೆಯಲ್ಲಿ 'ಸಿಸಿಎ' ಎಂದಿದ್ದರೆ ಅದು ಲೇಪದ ಅಲ್ಯೂಮಿನಿಯಂ. ಬಿಲ್ಲಿನಲ್ಲಿ 'ತಾಮ್ರ, 2.5 ಚದರ ಮಿಲಿಮೀಟರ್' ಎಂದು ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಅಲ್ಲಿ ಕೊಳ್ಳಬೇಡಿ.