ಮಾಡೆಲ್‌ಮ್ಯೂಸ್‌ನಲ್ಲಿ ಒಂದು ತೋಡು, ಒಂದು ಕಿಂಡಿ ಅಣೆಕಟ್ಟು

ಅಂತರ್ಜಲದ ಮಾಡೆಲ್, ಅಂದರೆ ನೆಲದಡಿಯ ನೀರಿನ ಓಡಾಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ನಕಲು, ಮಾಡಲು ಯಾವ ಸಾಫ್ಟ್‌ವೇರ್ ಹಿಡಿಯಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಮಾಡೆಲ್‌ಮ್ಯೂಸ್. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ 2009ರಲ್ಲಿ ಹೊರತಂದದ್ದು. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಕೀ ಬೇಕಿಲ್ಲ. ಲೆಕ್ಕ ಮಾಡುವುದು ಅದೇ ಸಂಸ್ಥೆಯ ಮಾಡ್‌ಫ್ಲೋ. ಅದಕ್ಕೆ ಬೇಕಾದ ಮಾಹಿತಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ತುಂಬಿಸಲು ಇರುವುದು ಮಾಡೆಲ್‌ಮ್ಯೂಸ್. ಎರಡನ್ನೂ ಬೇರೆ ಬೇರೆಯಾಗಿ ಇಳಿಸಿಕೊಳ್ಳಬೇಕು. ಮಾಡ್‌ಫ್ಲೋ ಯಾವ ಫೋಲ್ಡರಿನಲ್ಲಿದೆ ಎಂದು ಒಮ್ಮೆ ತೋರಿಸಿಕೊಡಬೇಕು. ಮೊದಲ ದಿನ ಇದು ಗೊತ್ತಾಗದೆ ಸುಮಾರು ಹೊತ್ತು ತಡಕಾಡಿದ್ದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನು ಸಿವಿಲ್ ಇಂಜಿನಿಯರ್, ಇರುವುದು ಉಡುಪಿಯ ಸಂತೆಕಟ್ಟೆಯಲ್ಲಿ. ಇಲ್ಲಿ ಬರೆಯುವುದು ಹಿರಿಯಡ್ಕದ ಆಚೆಗಿರುವ ಮಾವನ ಅಡಿಕೆ ತೋಟಕ್ಕೆ ಮಾಡಿದ ಮಾಡೆಲಿನ ಬಗ್ಗೆ. ಸ್ವರ್ಣಾ ನದಿಗೆ ಸೇರುವ ಒಂದು ತೋಡಿನ (ಚಿಕ್ಕ ಹಳ್ಳದ) ಬದಿಯ ತೋಟ. ಗುಡ್ಡದ ಮೇಲೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಅದರ ಕೆಳಗೆ ಶೇಡಿ ಮಣ್ಣು (ಮೆತ್ತನೆಯ ಜೇಡಿಮಣ್ಣು), ಅದಕ್ಕೂ ಕೆಳಗೆ ಕಪ್ಪು ಕಲ್ಲು. ನಮ್ಮ ಜಿಲ್ಲೆಯ ಯಾವ ಬಾವಿ ತೋಡಿದರೂ ಹೆಚ್ಚುಕಡಿಮೆ ಕಾಣುವುದು ಇದೇ. ಮಾವನ ಪ್ರಶ್ನೆ ಒಂದೇ: ತೋಡಿನ ಹತ್ತಿರ ಇನ್ನೊಂದು ಬಾವಿ ತೋಡಿಸಿದರೆ ಮೇ ತಿಂಗಳಲ್ಲಿ ನೀರು ಸಿಗುತ್ತದಾ?

ಇಂಥ ಪ್ರಶ್ನೆಗೆ ಉತ್ತರ ಬರುವುದು ಬೌಂಡರಿ ಕಂಡೀಷನ್‌ನಿಂದ. ಮಾಡೆಲಿನ ಅಂಚಿನಲ್ಲಿ, ಹೊಳೆಯಲ್ಲಿ, ನೆಲದ ಮೇಲೆ ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ, ಎಷ್ಟು ಎಂದು ನಾವು ಹೇಳಿಕೊಡುವುದೇ ಅದು. ನಾವು ಏನೂ ಹೇಳದೆ ಬಿಟ್ಟ ಅಂಚನ್ನು ಮಾಡ್‌ಫ್ಲೋ ಗೋಡೆ ಎಂದೇ ತಿಳಿಯುತ್ತದೆ. ಅಲ್ಲಿ ನೀರು ದಾಟುವುದಿಲ್ಲ. ಮಾವನ ತೋಟದಲ್ಲಿ ಮೂರು ಬದಿಗೆ ಗುಡ್ಡದ ನೆತ್ತಿಯವರೆಗೆ ಗ್ರಿಡ್ ಹಾಕಿದೆ, ಅಂದರೆ ಲೆಕ್ಕಕ್ಕೆಂದು ನೆಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ (ಸೆಲ್) ಭಾಗ ಮಾಡಿದೆ. ನೆತ್ತಿಯ ಆಚೆ ಬಿದ್ದ ಮಳೆ ಆಚೆಗೇ ಇಳಿಯುತ್ತದೆ, ಹಾಗಾಗಿ ಅಲ್ಲಿ ಗೋಡೆ ಇದ್ದರೆ ತಪ್ಪಿಲ್ಲ. ಬದಲಿಗೆ ತೋಟದ ಬೇಲಿಗೇ ಗ್ರಿಡ್ ನಿಲ್ಲಿಸಿದ್ದರೆ ಮಾಡೆಲ್ ಪೂರ್ತಿ ಸುಳ್ಳಾಗುತ್ತಿತ್ತು. ಬೇಲಿ ಮಾವನದ್ದು, ನೀರಿನದ್ದಲ್ಲ ಅಲ್ವಾ.

ಮಾಡೆಲ್‌ಮ್ಯೂಸ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು ಕೆಲಸ ಮಾಡುವ ಕ್ರಮ. ತೋಡನ್ನು ಒಂದೊಂದು ಸೆಲ್ಲಾಗಿ ತುಂಬಿಸಬೇಕಿಲ್ಲ. ನಕ್ಷೆಯ ಮೇಲೆ ತೋಡಿನ ಉದ್ದಕ್ಕೂ ಒಂದು ಗೆರೆ ಎಳೆಯಿರಿ, ಕೊನೆಯಲ್ಲಿ ಎರಡು ಸಲ ಕ್ಲಿಕ್ ಮಾಡಿ, ಆ ಗೆರೆಯ ಗುಣಗಳ ಕಿಟಕಿ ತೆರೆಯುತ್ತದೆ. ಅಲ್ಲಿ ರಿವರ್ ಆರಿಸಿ ಸಾಲುಗಳನ್ನು ತುಂಬಿಸಿ: ಎಷ್ಟನೇ ದಿನದಿಂದ ಎಷ್ಟನೇ ದಿನದವರೆಗೆ, ನೀರಿನ ಮಟ್ಟ ಎಷ್ಟು, ತಳ ಎಷ್ಟು, ಕಂಡಕ್ಟೆನ್ಸ್ (ತೋಡಿನ ತಳದ ಮೂಲಕ ನೀರು ಎಷ್ಟು ಸುಲಭವಾಗಿ ಹಾಯುತ್ತದೆ ಎಂಬ ಅಂಕಿ) ಎಷ್ಟು. ಗೆರೆ ಯಾವ ಸೆಲ್ಲಿನಲ್ಲಿ ಎಷ್ಟು ಉದ್ದ ಹಾದಿದೆ ಎಂದು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ಗ್ರಿಡ್ 50 ಮೀಟರಿನಿಂದ 25 ಮೀಟರಿಗೆ ಇಳಿಸಿದರೂ ಗೆರೆ ಹಾಗೇ ಇರುತ್ತದೆ, ಮತ್ತೆ ತುಂಬಿಸುವ ಗೋಳಿಲ್ಲ.

ಆದರೆ ಈ ಅನುಕೂಲದ ಒಳಗೇ ನಾನು ಎಡವಿದೆ. ತೋಡಿನ ಅಗಲ 6 ಮೀಟರ್. ತಳದ ಹೂಳು ಅರ್ಧ ಮೀಟರ್ ದಪ್ಪ. ಆ ಹೂಳಿನಲ್ಲಿ ನೀರು ಹಾಯುವ ವೇಗಕ್ಕೆ ದಿನಕ್ಕೆ ಅರ್ಧ ಮೀಟರ್ ಇಟ್ಟಿದ್ದೆ. ಹೂಳಿನ ವೇಗವನ್ನು ಉದ್ದ ಮತ್ತು ಅಗಲದಿಂದ ಗುಣಿಸಿ, ದಪ್ಪದಿಂದ ಭಾಗಿಸಿದರೆ ಕಂಡಕ್ಟೆನ್ಸ್. ಸೆಲ್ಲಿನ ಉದ್ದ 25 ಮೀಟರ್ ಎಂದು ಹಿಡಿದು 150 ಎಂದು ಬರೆದೆ. ಆಗ ಆರಿಸಿಕೊಂಡಿದ್ದದ್ದು ‘ಕ್ಯಾಲ್ಕುಲೇಟೆಡ್’ ಎಂಬ ವಿಧಾನ. ಅದರಲ್ಲಿ ನಾವು ಕೊಡಬೇಕಾದದ್ದು ಒಂದು ಮೀಟರ್ ಉದ್ದಕ್ಕೆ ಎಷ್ಟು ಎಂದು, ಅಂದರೆ ಬರೀ 6. ಉದ್ದದಿಂದ ಗುಣಿಸುವ ಕೆಲಸ ಅದೇ ಮಾಡುತ್ತದೆ. ನಾನು ಗುಣಿಸಿಟ್ಟ 150ನ್ನು ಅದು ಮತ್ತೆ 25ರಿಂದ ಗುಣಿಸಿ 3750 ಮಾಡಿಕೊಂಡಿತು. ತೋಡು ಮತ್ತು ಬಾವಿಯ ನಡುವೆ ಹೂಳೇ ಇಲ್ಲದ ಹಾಗೆ ನೀರು ಓಡಾಡಿತು.

ಇದನ್ನು ಸಾಫ್ಟ್‌ವೇರ್ ತಪ್ಪು ಎಂದು ತೋರಿಸುವುದಿಲ್ಲ, ತೋರಿಸಲು ಆಗುವುದೂ ಇಲ್ಲ. ರನ್ ಮುಗಿದ ಮೇಲೆ ಬರುವ ಲಿಸ್ಟಿಂಗ್ ಫೈಲಿನಲ್ಲಿ ಒಳಗೆ ಬಂದ ನೀರು, ಹೊರಗೆ ಹೋದ ನೀರು, ಎರಡರ ವ್ಯತ್ಯಾಸ ಶೇಕಡಾ ಎಷ್ಟು ಎಂದು ಇರುತ್ತದೆ. ನನ್ನದು 0.00 ಇತ್ತು. ನೋಡಿ ಖುಷಿಪಟ್ಟಿದ್ದೆ. ಆ ಸೊನ್ನೆ ಹೇಳುವುದು ಕೂಡಿಸಿ ಕಳೆದ ಲೆಕ್ಕ ಸರಿ ಎಂದಷ್ಟೇ. ತೋಡಿನ ವಿಷಯ ಸರಿ ಎಂದು ಅದು ಹೇಳುವುದಿಲ್ಲ. ಅದೇ ಪಟ್ಟಿಯಲ್ಲಿ ‘ರಿವರ್ ಲೀಕೇಜ್’ ಎಂಬ ಸಾಲಿದೆ. ತಪ್ಪು ಸಿಕ್ಕಿದ್ದು ಅಲ್ಲಿ. ಮೇ ತಿಂಗಳಲ್ಲಿ ತೋಡಿನಿಂದ ನೆಲಕ್ಕೆ ಇಳಿಯುವ ನೀರು ಮಾವನ ಪಂಪು ಎತ್ತುವ ನೀರಿಗಿಂತ ಎಷ್ಟೋ ಪಟ್ಟು ಇತ್ತು. ಈಗ ಪ್ರತಿ ಸಲ ಮೊದಲು ನೋಡುವುದು ಆ ಸಾಲನ್ನೇ.

ಕಂಡಕ್ಟೆನ್ಸ್ ಸರಿಮಾಡಿದೆ. ಹೊಸ ಬಾವಿಯ ಜಾಗದಲ್ಲಿ ದಿನಕ್ಕೆ 100 ಘನ ಮೀಟರ್ ಎತ್ತುವ ಪಂಪು ಇಟ್ಟೆ. ಮೇ ಕೊನೆಗೆ ಹಳೆ ಬಾವಿಯ ನೀರು ಬರೀ 30 ಸೆಂಟಿಮೀಟರ್ ಇಳಿಯುತ್ತದೆ ಎಂದು ಬಂತು. ಲ್ಯಾಪ್‌ಟಾಪ್ ಹಿಡಿದುಕೊಂಡು ಮಾವನ ಮನೆಗೆ ಹೋದೆ. ಅವರು ಅಂಗಳದಲ್ಲಿ ಕೂತು ನೀಲಿ ಗೆರೆಯನ್ನೇ ನೋಡಿದರು.

“ಇದು ಎಂತ, ತೋಡಾ?”

“ಹೌದು ಮಾವ.”

“ಇದರಲ್ಲಿ ವರ್ಷ ಇಡೀ ನೀರುಂಟಾ? ಎಪ್ರಿಲ್ ತಿಂಗಳಲ್ಲಿ ನಮ್ಮ ತೋಡಿನಲ್ಲಿ ನೀರೆಲ್ಲುಂಟು ಮಾರಾಯ್ತಿ?”

ನಾನು ವರ್ಷಕ್ಕೆಲ್ಲ ಒಂದೇ ಮಟ್ಟ ಕೊಟ್ಟಿದ್ದೆ. ಡಿಸೆಂಬರಿನಲ್ಲಿ ಅಳೆದದ್ದು. ರಿವರ್ ಪ್ಯಾಕೇಜಿನ (ಮಾಡ್‌ಫ್ಲೋದಲ್ಲಿ ಹೊಳೆಯ ಲೆಕ್ಕ ಮಾಡುವ ಭಾಗದ) ಸ್ವಭಾವ ಎಂದರೆ, ಮಟ್ಟ ಇಷ್ಟು ಎಂದು ನಾವು ಬರೆದರೆ ಆ ಮಟ್ಟ ಉಳಿಯಲು ಬೇಕಾದ ನೀರು ಎಲ್ಲಿಂದಲಾದರೂ ಬರುತ್ತದೆ ಎಂದೇ ಅದು ನಂಬುತ್ತದೆ. ತೋಡಿನಲ್ಲಿ ನಿಜವಾಗಿ ಎಷ್ಟು ನೀರಿದೆ ಎಂದು ಕೇಳುವುದಿಲ್ಲ. ಬಾವಿಯ ನೀರು ತೋಡಿನ ತಳಕ್ಕಿಂತ ಕೆಳಗೆ ಇಳಿದರೆ ಸೋರಿಕೆ ಒಂದು ಮಿತಿಗೆ ನಿಲ್ಲುತ್ತದೆ, ಅಷ್ಟೇ. ಆ ಮಿತಿಯ ನೀರು ಮಾತ್ರ ಬರುತ್ತಲೇ ಇರುತ್ತದೆ. ಕಾನ್‌ಸ್ಟಂಟ್ ಹೆಡ್ (ಆ ಸೆಲ್ಲಿನ ನೀರಿನ ಮಟ್ಟ ಬದಲಾಗುವುದೇ ಇಲ್ಲ ಎಂಬ ಬೌಂಡರಿ) ಇಟ್ಟರೆ ಇನ್ನೂ ಜಾಸ್ತಿ, ಅದಕ್ಕೆ ಮಿತಿಯೇ ಇಲ್ಲ. ಸುಮಾರು 4000 ಮಿಲಿಮೀಟರ್ ಮಳೆ ಬಿದ್ದೂ ಎಪ್ರಿಲಿನಲ್ಲಿ ಬತ್ತುವ ನಮ್ಮ ಊರಿನ ತೋಡುಗಳಿಗೆ ಇದು ಹೊಂದುವುದಿಲ್ಲ.

ಅವತ್ತು ಅಂಗಳದಲ್ಲೇ ಸಾಲುಗಳನ್ನು ಬದಲಿಸಿದೆ. ಮಾವ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಮಳೆಗಾಲದಲ್ಲಿ ತೋಡು ದಂಡೆ ತುಂಬ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಕೆಳಗಿನ ಕಿಂಡಿ ಅಣೆಕಟ್ಟಿಗೆ, ಅಂದರೆ ಕಿಂಡಿಗಳನ್ನು ಹಲಗೆಯಿಂದ ಮುಚ್ಚಿ ನೀರು ನಿಲ್ಲಿಸುವ ಚಿಕ್ಕ ಕಟ್ಟಕ್ಕೆ, ಹಲಗೆ ಹಾಕುತ್ತಾರೆ. ಮಾರ್ಚ್ ತನಕ ಹಲಗೆಯ ಮಟ್ಟಕ್ಕೆ ನೀರು, ತೋಟದ ಎದುರು ಒಂದೂವರೆ ಮೀಟರ್. ಎಪ್ರಿಲಿನಲ್ಲಿ ಮೊಣಕಾಲು. ಮೇ ತಿಂಗಳಲ್ಲಿ ಕೆಸರು. ಪತ್ತನಾಜೆಯ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುವರ ವಿಶೇಷ ದಿನ) ಹೊತ್ತಿಗೆ ಹಲಗೆ ತೆಗೆಯುತ್ತಾರೆ. ಅಣೆಕಟ್ಟಿನ ನೀರು ನಿಲ್ಲುವ ಭಾಗಕ್ಕೆ ಒಂದು ಗೆರೆ, ಅದಕ್ಕಿಂತ ಮೇಲಿನ ಭಾಗಕ್ಕೆ ಇನ್ನೊಂದು ಗೆರೆ ಮಾಡಿದೆ. ಮೇಲಿನ ಭಾಗ ಫೆಬ್ರವರಿಗೇ ಒಣಗುತ್ತದೆ. ಅದಕ್ಕೆ ಫೆಬ್ರವರಿಯಿಂದ ಮೇ ತನಕ ಸಾಲೇ ಕೊಡಲಿಲ್ಲ. ಮಾಡೆಲ್‌ಮ್ಯೂಸ್‌ನಲ್ಲಿ ಸಾಲು ಇಲ್ಲದ ಅವಧಿಯಲ್ಲಿ ಆ ಬೌಂಡರಿಯೂ ಇಲ್ಲ. ನಮ್ಮ ಕಡೆಯ ತೋಡಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಗ್ರಿಡ್ಡಿಗೆ ಬಣ್ಣ ಹಾಕಿ ಒಂದೊಂದು ತಿಂಗಳನ್ನೂ ನೋಡಬಹುದು. ಜನವರಿಯಲ್ಲಿ ಉದ್ದಕ್ಕಿದ್ದ ಬಣ್ಣ ಮಾರ್ಚಿಗೆ ಅಣೆಕಟ್ಟಿನ ಹಿಂದೆ ಚಿಕ್ಕ ಬಾಲದಷ್ಟು ಉಳಿಯಿತು. ಮಾವ ಅದನ್ನು ನೋಡಿ “ಹಾಂ, ಇದು ನಮ್ಮ ತೋಡು” ಎಂದರು.

ಮತ್ತೆ ರನ್ ಮಾಡಿದಾಗ ಹಳೆ ಬಾವಿ ಇಳಿದದ್ದು 1.8 ಮೀಟರ್. ಆ ಬಾವಿಯಲ್ಲಿ ಮೇ ಕೊನೆಗೆ ನಿಲ್ಲುವುದೇ ಎರಡು ಮೀಟರ್ ನೀರು. ಹೊಸ ಬಾವಿ ತೋಡಿಸಿದರೆ ಎರಡೂ ಸೇರಿ ಒಂದೇ ನೀರನ್ನು ಹಂಚಿಕೊಳ್ಳುತ್ತವೆ, ಅಷ್ಟೇ.

ಸಾಲು ಸಾಲಾಗಿ ಮಟ್ಟ ಕೊಡುವಷ್ಟು ಮಾಹಿತಿ ಇಲ್ಲದಿದ್ದರೆ ಸ್ಟ್ರೀಮ್‌ಫ್ಲೋ ರೂಟಿಂಗ್ ಎಂಬ ಪ್ಯಾಕೇಜ್ ಇದೆ. ಅದು ತೋಡಿನಲ್ಲಿ ಹರಿದು ಬರುವ ನೀರಿನ ಲೆಕ್ಕ ಇಡುತ್ತದೆ, ನೀರು ಮುಗಿದರೆ ಸೋರಿಕೆಯೂ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಹೊಳೆ ಬತ್ತುವ ಕಡೆಗೆಲ್ಲ ಅದೇ ಸರಿ. ಆದರೆ ಮೇಲಿನಿಂದ ಎಷ್ಟು ಹರಿವು ಬರುತ್ತದೆ ಎಂದು ಕೊಡಬೇಕು. ನಮ್ಮ ಚಿಕ್ಕ ತೋಡುಗಳಿಗೆ ಆ ಅಳತೆ ಯಾರ ಹತ್ತಿರ ಇದೆ? ಮಾವನ ಮೊಣಕಾಲಿನ ಅಳತೆ ಇದೆ. ನಾನು ಅದನ್ನೇ ನೆಚ್ಚಿಕೊಂಡೆ.

ಮಳೆಯ ವಿಷಯ ಬೇಗ ಮುಗಿಸುತ್ತೇನೆ. ಬಿದ್ದ ಮಳೆಯನ್ನೆಲ್ಲ ರೀಚಾರ್ಜ್ (ನೆಲಕ್ಕೆ ಇಂಗಿ ಅಂತರ್ಜಲ ಸೇರುವ ನೀರು) ಎಂದು ತುಂಬಿಸಬೇಡಿ. ಅಂತರ್ಜಲ ಅಂದಾಜು ಸಮಿತಿಯ 1997ರ ಪದ್ಧತಿಯಲ್ಲಿ ಮುರಕಲ್ಲಿಗೆ ಮಳೆಯ ಶೇಕಡಾ 7, ಪಶ್ಚಿಮ ಕರಾವಳಿಯ ಮೆಕ್ಕಲು ಮಣ್ಣಿಗೆ ಶೇಕಡಾ 10 ಎಂದಿದೆ. ಅಲ್ಲಿಂದ ಶುರುಮಾಡಿ. ಮಾಡ್‌ಫ್ಲೋಗೆ ಮೀಟರ್ ಮತ್ತು ದಿನದಲ್ಲಿ ಕೊಡುತ್ತಿದ್ದರೆ ದಿನಕ್ಕೆ 2 ಮಿಲಿಮೀಟರ್ ಎಂಬುದು 0.002 ಆಗಬೇಕು. ಜೊತೆಗೆ ನೆಲದ ಮಟ್ಟಕ್ಕೆ ಸರಿಯಾಗಿ ಬೈಲಿನ ಮೇಲೆಲ್ಲ ಡ್ರೇನ್ ಎಂಬ ಬೌಂಡರಿ ಹರಡಿ. ಡ್ರೇನ್ ನೀರು ಹೊರಗೆ ಬಿಡುತ್ತದೆ, ಒಳಗೆ ಕೊಡುವುದಿಲ್ಲ. ಜುಲೈಯಲ್ಲಿ ಗುಡ್ಡದ ಬುಡದ ಒರತೆಗಳು ಉಕ್ಕುತ್ತವಲ್ಲ, ಅದು ಹೀಗೇ. ಡ್ರೇನ್ ಇಲ್ಲದ ನನ್ನ ಮೊದಲ ರನ್‌ನಲ್ಲಿ ಬೈಲಿನ ನೀರಿನ ಮಟ್ಟ ನೆಲಕ್ಕಿಂತ ಮೂರು ಮೀಟರ್ ಮೇಲೆ ನಿಂತಿತ್ತು.

ಸಮುದ್ರದ ಬದಿಯವರಿಗೆ ಒಂದು ಮಾತು. ಮಲ್ಪೆ, ಕೆಮ್ಮಣ್ಣು, ಕೋಡಿ ಬೆಂಗ್ರೆ ಕಡೆ ಮಾಡೆಲ್ ಮಾಡುವವರು ಪಶ್ಚಿಮದ ಅಂಚಿಗೆ ಸುಮ್ನೆ ಸೊನ್ನೆ ಮಟ್ಟ ಬರೆದುಬಿಡುತ್ತಾರೆ. ಉಪ್ಪುನೀರು ಸಿಹಿನೀರಿಗಿಂತ ಭಾರ, ಲೀಟರಿಗೆ ಸುಮಾರು 1.025 ಕಿಲೋ. 20 ಮೀಟರ್ ಆಳದಲ್ಲಿ ಅದರ ಒತ್ತಡ ಅರ್ಧ ಮೀಟರ್ ಹೆಚ್ಚು ಸಿಹಿನೀರಿಗೆ ಸಮ. ಹಾಗಾಗಿ ಆಳದ ಪದರಕ್ಕೆ 0 ಅಲ್ಲ, 0.5 ಕೊಡಬೇಕು. ಕಾನ್‌ಸ್ಟಂಟ್ ಹೆಡ್ ಬದಲು ಜನರಲ್ ಹೆಡ್ ಇಟ್ಟರೆ ಅಂಚು ಮತ್ತು ಸಮುದ್ರದ ನಡುವಿನ ಮಣ್ಣಿನ ತಡೆಯನ್ನೂ ಸೇರಿಸಬಹುದು. ಆದರೆ ಬಾವಿ ಯಾವ ತಿಂಗಳು ಉಪ್ಪಾಗುತ್ತದೆ ಎಂಬುದಕ್ಕೆ ಇಷ್ಟು ಸಾಲದು. ಅದಕ್ಕೆ ನೀರಿನ ಸಾಂದ್ರತೆ ಬದಲಾಗುವುದನ್ನೂ ಲೆಕ್ಕ ಹಾಕುವ ‘ಸೂತ್ರ’ (SUTRA) ಎಂಬ ಹೆಸರಿನಂಥ ಪ್ರೋಗ್ರಾಂ ಬೇಕು. ಅದನ್ನೂ ಮಾಡೆಲ್‌ಮ್ಯೂಸ್ ಒಳಗಿಂದಲೇ ನಡೆಸಬಹುದು.

ನೆಲದಡಿಯ ನೀರಲ್ಲ, ಹೊಳೆಯಲ್ಲಿ ಹರಿಯುವ ನೀರಿನ ಲೆಕ್ಕಕ್ಕೆ ನಾನು ಬಳಸುವುದು ಅಮೆರಿಕದ ಸೇನಾ ಇಂಜಿನಿಯರುಗಳ ಹೆಕ್-ರಾಸ್ ಎಂಬ ಸಾಫ್ಟ್‌ವೇರ್. ಅದೂ ಉಚಿತ. ಅಲ್ಲಿ ಮೇಲಿನ ತುದಿಗೆ ಹರಿವು, ಕೆಳಗಿನ ತುದಿಗೆ ನೀರಿನ ಮಟ್ಟ ಕೊಡುವುದು ರೂಢಿ. ಕೆಳಗಿನ ತುದಿಗೆ ‘ನಾರ್ಮಲ್ ಡೆಪ್ತ್’ ಎಂಬ ಸುಲಭದ ದಾರಿಯೂ ಇದೆ, ಹೊಳೆಯ ಇಳಿಜಾರು ಕೊಟ್ಟರೆ ಸಾಕು. ಅಳಿವೆಯ ಹತ್ತಿರ ಅದನ್ನು ಹಾಕಬೇಡಿ. ಭರತದ ಹೊತ್ತಿಗೆ ಕೆಮ್ಮಣ್ಣಿನ ತೂಗುಸೇತುವೆಯ ಮೇಲೆ ನಿಂತು ನೋಡಿ, ನೀರು ಮೇಲಕ್ಕೆ ಹೋಗುತ್ತಿರುತ್ತದೆ. ಅಲ್ಲಿ ಗಂಟೆ ಗಂಟೆಯ ಭರತ-ಇಳಿತದ ಮಟ್ಟವನ್ನೇ ಕೊಡಬೇಕು.

ಮಾಡೆಲ್‌ಮ್ಯೂಸ್‌ನಲ್ಲಿ ಕಷ್ಟಗಳೂ ಇವೆ. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಸಹಾಯದ ಪುಟಗಳು ಚೆನ್ನಾಗಿವೆ, ಆದರೆ ಪೂರ್ತಿ ಇಂಗ್ಲಿಷ್, ಮತ್ತು ಓದುವವರಿಗೆ ಮಾಡ್‌ಫ್ಲೋ ಗೊತ್ತಿದೆ ಎಂದೇ ಬರೆದದ್ದು. ಒಂದು ಕೆರೆಯ ಸುತ್ತ ಗೆರೆ ಹಾಕಿದರೆ ‘ಒಳಗಿನ ಸೆಲ್‌ಗಳು’ ಎಂಬ ಗುರುತು ಹಾಕಿದ್ದೇವಾ ನೋಡಿಕೊಳ್ಳಬೇಕು. ಇಲ್ಲದಿದ್ದರೆ ದಡದ ಸೆಲ್‌ಗಳಲ್ಲಿ ಮಾತ್ರ ನೀರಿರುತ್ತದೆ, ನಡುವೆ ಒಣ ನೆಲ. ಬೇಸಿಗೆಯಲ್ಲಿ ಮೇಲಿನ ಪದರ ಒಣಗಿ ರನ್ ನಿಂತುಹೋದರೆ ಮಾಡ್‌ಫ್ಲೋದ 6ನೇ ಆವೃತ್ತಿಯಲ್ಲಿ ನ್ಯೂಟನ್ ಎಂಬ ಲೆಕ್ಕದ ವಿಧಾನದ ಆಯ್ಕೆ ಹಾಕಿ ನೋಡಿ, ನನಗೆ ಅದರಿಂದ ಸರಿಹೋಯಿತು. ಪ್ರತಿ ಗೆರೆಗೂ ಟಿಪ್ಪಣಿ ಬರೆದಿಡುವ ಜಾಗ ಇದೆ. ದಯವಿಟ್ಟು ಅದನ್ನು ಬಳಸಿ. ನನ್ನ ತೋಡಿನ ಗೆರೆಯಲ್ಲಿ “ಎಪ್ರಿಲ್ ಮಟ್ಟ: ಮಾವ ಹೇಳಿದ್ದು, ಮೊಣಕಾಲು, 45 ಸೆಂಟಿಮೀಟರ್ ಎಂದು ಹಿಡಿದಿದೆ” ಎಂದಿದೆ.

ಆ ಸಾಲಿನಲ್ಲೇ ಕೊನೆಗೆ ಒಂದು ಪ್ರಯೋಗ ಮಾಡಿದೆ. ಎಪ್ರಿಲ್, ಮೇ ಮಟ್ಟವನ್ನು ಅರ್ಧ ಮೀಟರ್ ಏರಿಸಿ ನೋಡಿದರೆ ಹಳೆ ಬಾವಿಯಲ್ಲಿ 40 ಸೆಂಟಿಮೀಟರ್ ನೀರು ಹೆಚ್ಚು ನಿಂತಿತು. ಅಣೆಕಟ್ಟಿನ ಎರಡು ಸಾಲು ಹಲಗೆಗಳ ನಡುವೆ ಮಣ್ಣು ಸರಿಯಾಗಿ ತುಂಬದೆ ನೀರು ಸೋರುತ್ತದೆ ಎಂದು ಮಾವ ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಹೊಸ ಬಾವಿಯ ಮಾತು ಸದ್ಯಕ್ಕೆ ನಿಂತಿದೆ. ಈ ಸಲ ಹಲಗೆ ಹಾಕುವ ದಿನ ನೆರೆಯ ನಾಲ್ಕು ತೋಟದವರನ್ನೂ ಕರೆದು ಮಣ್ಣು ಮೆಟ್ಟಿಸುತ್ತಾರಂತೆ. ನಾನು ಅಳತೆ ಕೋಲು ಹಿಡಿದುಕೊಂಡು ಹೋಗುತ್ತೇನೆ.