ಮನೆಗೆ ಬಂದು ಮಾಡುವ ನಿದ್ರೆ ಪರೀಕ್ಷೆ: ಗೊರಕೆಗೆ ಸಾಕು, ನಿದ್ರೆಯಲ್ಲಿ ಕೈ ಬೀಸುವವರಿಗೆ ಸಾಲದು

ಶಿರಸಿಯ ನಮ್ಮ ಮನೆಗೇ ಬಂದು ಅಪ್ಪನಿಗೆ ನಿದ್ರೆ ಪರೀಕ್ಷೆ ಮಾಡಿಕೊಟ್ಟರು. ಯಾರು ಅಂತ ಹೆಸರು ಹಾಕುವುದಿಲ್ಲ.

ಮೊದಲು ಒಳ್ಳೆಯದು ಹೇಳುತ್ತೇನೆ. ಹುಡುಗ ಹೇಳಿದ ಹೊತ್ತಿಗೆ ಬಂದ. ಎದೆಗೆ ಪಟ್ಟಿ, ಮೂಗಿಗೆ ಸಣ್ಣ ನಳಿಕೆ, ಬೆರಳಿಗೆ ಕ್ಲಿಪ್ ಹಾಕಿ, ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ಯಾವುದನ್ನು ಬಿಚ್ಚಬೇಕು ಅಂತ ಅಪ್ಪನ ಕೈಯಲ್ಲೇ ಮಾಡಿಸಿ ತೋರಿಸಿದ. ಗೊರಕೆ ಜಾಸ್ತಿ, ನಿದ್ರೆಯಲ್ಲಿ ಉಸಿರು ಕಟ್ಟುತ್ತದೆ ಅನ್ನುವವರಿಗೆ ಇದು ನಿಜಕ್ಕೂ ಅನುಕೂಲ.

ಆದರೆ ಅಪ್ಪನ ತೊಂದರೆ ಬೇರೆ. ಬೆಳಗಿನ ಜಾವ ಕೂಗುತ್ತಾರೆ, ಕೈ ಬೀಸುತ್ತಾರೆ. ಒಮ್ಮೆ ಆಯಿಯ (ಅಮ್ಮನ) ಭುಜಕ್ಕೆ ಪೆಟ್ಟು ಬಿದ್ದು ನೀಲಿಗಟ್ಟಿತ್ತು. ಎಬ್ಬಿಸಿದರೆ "ತೋಟಕ್ಕೆ ಮಂಗ ಬಂದಿತ್ತು, ಓಡಿಸ್ತಿದ್ದೆ" ಅಂದರು. ಬುಕ್ ಮಾಡುವಾಗಲೇ ಇದನ್ನೆಲ್ಲ ಹೇಳಿದ್ದೆವು. ರಿಪೋರ್ಟ್ ಮಾತ್ರ ನಾರ್ಮಲ್! ಆ ಕಿಟ್ ಅಳೆಯುವುದು ಉಸಿರಾಟ, ಆಮ್ಲಜನಕ ಅಷ್ಟೇ. ಮಿದುಳಿನ ಅಲೆಗಳೂ ಸ್ನಾಯುಗಳ ಬಿಗಿತವೂ ಅದಕ್ಕೆ ಸಿಗುವುದಿಲ್ಲ. ದುಡ್ಡು ತಗೊಳ್ಳುವ ಮೊದಲೇ ಈ ಮಾತು ಹೇಳಬೇಕಿತ್ತು ಅಲ್ವಾ?

ಆಮೇಲೆ ಹುಬ್ಬಳ್ಳಿಯಲ್ಲಿ ರಾತ್ರಿಯಿಡೀ ವಿಡಿಯೋ ಸಮೇತ ಪಾಲಿಸೋಮ್ನೋಗ್ರಫಿ, ಅಂದರೆ ಮಿದುಳಿನ ಅಲೆ, ಸ್ನಾಯುಗಳ ಬಿಗಿತವನ್ನೂ ಅಳೆಯುವ ಪೂರ್ಣ ನಿದ್ರೆ ಪರೀಕ್ಷೆ, ಮಾಡಿಸಿದೆವು. ಕನಸು ಜಾಸ್ತಿ ಬೀಳುವ ರೆಮ್ ನಿದ್ರೆಯಲ್ಲಿ ಮೈ ಸಡಿಲ ಬಿಟ್ಟು ಕೈಕಾಲು ಆಡದೆ ಇರಬೇಕು. ಅಪ್ಪನಿಗೆ ಹಾಗಾಗುತ್ತಿಲ್ಲ. ಇದೇ ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್, 1986ರಲ್ಲಿ ಅಮೆರಿಕದ ಮಿನೆಸೋಟಾದ ವೈದ್ಯರು ವಿವರಿಸಿದ್ದು. ನರರೋಗ ತಜ್ಞರು ವಾಸನೆ ಗೊತ್ತಾಗುತ್ತಾ, ಮಲಬದ್ಧತೆ ಇದೆಯಾ ಅಂತ ಕೇಳಿದರು. ಒಗ್ಗರಣೆ ಸೀದರೂ ಇವರಿಗೆ ತಿಳಿಯುವುದಿಲ್ಲ ಅಂತ ಆಯಿ ತಕ್ಷಣ ಹೇಳಿದಳು. ಪಾರ್ಕಿನ್ಸನ್, ಲೇವಿ ಬಾಡಿ ಮರೆವಿನ ಕಾಯಿಲೆಗಳಿಗಿಂತ ವರ್ಷಗಟ್ಟಲೆ ಮುಂಚೆ ಕಾಣಿಸಿಕೊಳ್ಳಬಹುದಾದ ಸೂಚನೆಗಳಂತೆ ಇವು. ಈ ನಿದ್ರೆ ತೊಂದರೆ ಇದ್ದ 1,280 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವರ್ಷದೊಳಗೆ ಇಂಥ ಕಾಯಿಲೆ ಬರುವ ಸಾಧ್ಯತೆ ಸುಮಾರು 73% ಅಂತ ಕಂಡುಬಂದಿದೆ.

ಸುಮ್ನೆ ಗಾಬರಿ ಬೀಳಬೇಡಿ. ನಿದ್ರೆಯಲ್ಲಿ ಮಾತಾಡುವವರಿಗೆಲ್ಲ ಇದಿರುವುದಿಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು, ಉಸಿರು ಕಟ್ಟುವವರೂ ಒದ್ದಾಡುತ್ತಾರೆ. ಮುಂದಿನ ಕಾಯಿಲೆಯನ್ನು ತಡೆಯುವ ಮದ್ದು ಇನ್ನೂ ಬಂದಿಲ್ಲ. ಕೂಗಾಟ ಕಡಿಮೆಯಾಗಲು ಅಪ್ಪನಿಗೆ ಮೆಲಟೋನಿನ್ ಬರೆದುಕೊಟ್ಟಿದ್ದಾರೆ, ಮಂಚದ ಪಕ್ಕದ ಸ್ಟೂಲು, ಚೊಂಬು ನಾವು ದೂರ ಇಟ್ಟಿದ್ದೇವೆ. ಮುಂಚೆಯೇ ಗೊತ್ತಾದರೆ ತಪಾಸಣೆ ತಪ್ಪದೆ ಮಾಡಿಸಬಹುದು, ನಮಗೆ ಅದೇ ದೊಡ್ಡದು.

ಗೊರಕೆಗಾದರೆ ಈ ಸೇವೆಗೆ 4 ಸ್ಟಾರ್, ಇಂಥ ತೊಂದರೆಗೆ 1. ನಿಮ್ಮ ಮನೆಯ ಹಿರಿಯರು ಹೀಗೆ ಮಾಡುತ್ತಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ನೇರ ನರರೋಗ ತಜ್ಞರಿಗೆ ತೋರಿಸಿ.